ಮಾಲ್ಗುಡಿಯ ಸಾಮಾನುಗಳು, ನಮ್ಮ ಮನೆಯ ಪತ್ತೇದಾರರು

ಟೀವಿ ನೋಡುವ ರೀತಿಯೇ ಈಗ ಬದಲಾಗಿದೆ. ಹಿಂದೆ ಧಾರಾವಾಹಿ ವಾರಕ್ಕೊಂದು ಕಂತು ಬರುತ್ತಿತ್ತು. ಬಂದದ್ದನ್ನು ನೋಡಿ, ಮುಂದಿನ ವಾರದವರೆಗೆ ಅದನ್ನೇ ಮೆಲುಕು ಹಾಕುತ್ತಿದ್ದೆವು. ಈಗ ಮಕ್ಕಳು ಚಿತ್ರವನ್ನು ಬೇಕೆಂದಲ್ಲಿ ನಿಲ್ಲಿಸುತ್ತಾರೆ, ಹಿಂದಕ್ಕೆ ಓಡಿಸುತ್ತಾರೆ, ದೊಡ್ಡದು ಮಾಡಿ ನೋಡುತ್ತಾರೆ. ಗೋಡೆಯ ಗಡಿಯಾರ ಎಷ್ಟು ಗಂಟೆ ತೋರಿಸುತ್ತಿದೆ? ಕಪಾಟಿನ ಪುಸ್ತಕದ ಹೆಸರೇನು? ಹಿಂದಿನ ದೃಶ್ಯದಲ್ಲಿ ಮೇಜಿನ ಎಡಕ್ಕಿದ್ದ ಲೋಟ ಈಗ ಬಲಕ್ಕೆ ಹೇಗೆ ಬಂತು? "ಇದು ಸುಮ್ಮನೆ ಇಟ್ಟದ್ದಲ್ಲ, ಇದರಲ್ಲೇನೋ ಸುಳಿವಿದೆ" ಎಂಬ ವಾದ ಊಟದ ಮೇಜಿನವರೆಗೂ ಬರುತ್ತದೆ. ಮಸ್ಕತ್ತಿನ ನಮ್ಮ ಸಂಘದ ಮನೆಗಳಲ್ಲಿ ಹದಿಹರೆಯದ ಮಕ್ಕಳಿರುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಥೆಗಾಗಿ ಇಟ್ಟ ಇಂಥ ವಸ್ತುಗಳಿಗೆ ನಾಟಕದವರು 'ಪ್ರಾಪರ್ಟಿ' ಎನ್ನುತ್ತಾರೆ, ಬರವಣಿಗೆಯಲ್ಲಿ ರಂಗಪರಿಕರ. ಈ ಪರಿಕರಗಳಲ್ಲಿ ಗುಟ್ಟು ಹುಡುಕುವ ಚಟ ಜಗತ್ತಿನಲ್ಲೆಲ್ಲ ಇದೆ. 2004ರಿಂದ 2010ರವರೆಗೆ ಬಂದ ಅಮೆರಿಕದ 'ಲಾಸ್ಟ್' ಧಾರಾವಾಹಿಯಲ್ಲಿ 4, 8, 15, 16, 23, 42 ಎಂಬ ಅಂಕಿಗಳು ಲಾಟರಿ ಚೀಟಿಯಲ್ಲೂ, ನೆಲದಡಿಯ ಕೋಣೆಯ ಕಬ್ಬಿಣದ ಮುಚ್ಚಳದ ಮೇಲೂ ಕಾಣಿಸಿಕೊಂಡವು. ಅಭಿಮಾನಿಗಳು ಆರು ವರ್ಷ ಆ ಅಂಕಿಗಳ ಬೆನ್ನು ಹತ್ತಿದರು. ಕನ್ನಡದಲ್ಲಿ 1990ರ ಆಸುಪಾಸಿನಲ್ಲಿ ದೂರದರ್ಶನದಲ್ಲಿ ಬಂದ ಸದಾನಂದ ಸುವರ್ಣರ 'ಗುಡ್ಡದ ಭೂತ' ಕೂಡ ಇಂಥ ಊಹೆಯ ಆಟಕ್ಕೆ ಹೇಳಿ ಮಾಡಿಸಿದಂಥದು. ಆದರೆ ನಮ್ಮವರು ಅತಿ ಹೆಚ್ಚು ಕಾಲ, ಇಂದಿಗೂ ಬಿಡದೆ, ಪತ್ತೇದಾರಿಕೆ ನಡೆಸಿರುವುದು ಭೂತವೂ ಕೊಲೆಯೂ ಇಲ್ಲದ ಒಂದು ಧಾರಾವಾಹಿಯ ಮೇಲೆ. ಅದು 'ಮಾಲ್ಗುಡಿ ಡೇಸ್'. ಪ್ರಶ್ನೆ ಒಂದೇ: ಮಾಲ್ಗುಡಿ ಎಲ್ಲಿದೆ?

ಆರ್. ಕೆ. ನಾರಾಯಣರ ಮಾಲ್ಗುಡಿ 1935ರ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯಲ್ಲಿ ಮೊದಲು ಕಾಣಿಸಿತು. 1986-87ರ ಹೊತ್ತಿಗೆ ಶಂಕರ್ ನಾಗ್ ಅದನ್ನು ದೂರದರ್ಶನಕ್ಕೆ ತಂದರು. ನಿರ್ಮಾಪಕರು ಟಿ. ಎಸ್. ನರಸಿಂಹನ್, ರೇಖಾಚಿತ್ರಗಳು ನಾರಾಯಣರ ತಮ್ಮ ಆರ್. ಕೆ. ಲಕ್ಷ್ಮಣ್ ಅವರವು, ಸಂಗೀತ ಎಲ್. ವೈದ್ಯನಾಥನ್, ಕಲಾ ನಿರ್ದೇಶನ ಜಾನ್ ದೇವರಾಜ್. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ ಕಾರ್ನಾಡ್. ಮಾತು ಹಿಂದಿ, ಮುಖಗಳು ನಮ್ಮವು, ಮನೆಗಳೂ ನಮ್ಮವು. ಹಾಗಾಗಿ ಕನ್ನಡಿಗರು ಅದನ್ನು ನಮ್ಮದೆಂದೇ ನೋಡಿದರು, ನೋಡುತ್ತ ಊರನ್ನು ಹುಡುಕತೊಡಗಿದರು.

ಹುಡುಕಿದವರ ಪಟ್ಟಿ ಉದ್ದವಿದೆ. ಮಲ್ಲೇಶ್ವರದ 'ಮಲ್', ಬಸವನಗುಡಿಯ 'ಗುಡಿ' ಸೇರಿ ಮಾಲ್ಗುಡಿ ಆಯಿತು ಎಂದು ಬೆಂಗಳೂರಿನವರ ವಾದ. ನಾರಾಯಣರು ಬಾಳಿದ್ದು ಮೈಸೂರಿನಲ್ಲಿ, ಆದ್ದರಿಂದ ಅದು ಮೈಸೂರೇ ಎಂದು ಮೈಸೂರಿನವರು. ತಮಿಳುನಾಡಿನ ಲಾಲ್ಗುಡಿಯ ಹೆಸರು ಹೇಳುವವರೂ ಇದ್ದಾರೆ. ಧಾರಾವಾಹಿ ಬಂದ ಮೇಲೆ ಶಿವಮೊಗ್ಗ ಜಿಲ್ಲೆಯವರಿಗೆ ಬೇರೆ ಸಾಕ್ಷಿಯೇ ಬೇಕಾಗಲಿಲ್ಲ: ಬೀದಿ ಆಗುಂಬೆಯದು, ಮರದ ಕಂಬಗಳ ದೊಡ್ಡ ಮನೆ ಆಗುಂಬೆಯದು, ರೈಲು ನಿಲ್ದಾಣ ಅರಸಾಳಿನದು. ನಾರಾಯಣರು ಮಾತ್ರ 'ಮಾಲ್ಗುಡಿ ಡೇಸ್' ಕಥಾಸಂಗ್ರಹದ ಮುನ್ನುಡಿಯಲ್ಲಿ, ಇದು ಕಲ್ಪನೆಯ ಊರು, ಯಾವ ನಕ್ಷೆಯಲ್ಲೂ ಸಿಗದು ಎಂದು ಸ್ಪಷ್ಟವಾಗಿಯೇ ಹೇಳಿದ್ದರು. ಮಾಲ್ಗುಡಿಯ ಪಾತ್ರಗಳು ತಮಗೆ ನ್ಯೂಯಾರ್ಕಿನ ಒಂದು ಬೀದಿಯಲ್ಲೂ ಕಾಣುತ್ತವೆ ಎಂದೂ ಬರೆದರು. ಯಾರೂ ಕೇಳಲಿಲ್ಲ ಬಿಡಿ.

ಈ ಹುಡುಕಾಟವನ್ನು ತಮಾಷೆ ಮಾಡಿ ಬಿಟ್ಟುಬಿಡುವುದು ಸರಿಯಲ್ಲ. ಗಮನವಿಟ್ಟು ನೋಡುವವನೇ ಒಳ್ಳೆಯ ಪ್ರೇಕ್ಷಕ. ಆದರೆ ಒಂದು ಪರಿಕರ ಯಾವುದಕ್ಕೆ ಸಾಕ್ಷಿ ಎಂಬುದನ್ನು ಮೊದಲು ನೋಡಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಅಲ್ಲಿನ ಇಳಿಜಾರು ಹೆಂಚಿನ ಮಾಡು, ಅಗಲವಾದ ಜಗಲಿ, ಒಳ ಅಂಗಳ ಎಲ್ಲವೂ ಆ ಮಳೆಗಾಗಿಯೇ ಹುಟ್ಟಿದವು. ನಾರಾಯಣರ ಮಾಲ್ಗುಡಿಯಾದರೋ ಸರಯೂ ಹೊಳೆಯ ಮರಳ ದಂಡೆಯ ಮೇಲೆ ಸಂಜೆ ಜನ ಕೂತು ಹರಟುವ ಬಯಲು ಸೀಮೆಯ ಊರು. ಪುಸ್ತಕ ಓದಿದವರಿಗೆ ಈ ಎರಡೂ ಹೊಂದುವುದಿಲ್ಲ. ಅಂದರೆ ತೆರೆಯ ಮೇಲಿನ ಹೆಂಚು ನಮಗೆ ತಿಳಿಸುವುದು ಚಿತ್ರೀಕರಣ ಎಲ್ಲಿ ಆಯಿತು ಎಂಬುದನ್ನು. ಕಥೆ ಎಲ್ಲಿ ನಡೆಯಿತು ಎಂಬುದನ್ನಲ್ಲ. ಧಾರಾವಾಹಿಯ ಒಂದು ಕೊರತೆ ಇದು ಎನ್ನಬಹುದು: ಮಲೆನಾಡಿನ ಚೆಲುವು ಕಥೆಯ ಬಿಸಿಲನ್ನು, ಧೂಳನ್ನು ಸ್ವಲ್ಪ ತೊಳೆದುಬಿಟ್ಟಿದೆ.

ಅದೇ ಧಾರಾವಾಹಿಯ ದೊಡ್ಡ ಗುಣವೂ ಪರಿಕರಗಳಲ್ಲೇ ಇದೆ. ಶಂಕರ್ ನಾಗ್ ಮತ್ತು ಜಾನ್ ದೇವರಾಜ್ ಯಾವ ವಸ್ತುವನ್ನೂ "ನನ್ನನ್ನು ನೋಡಿ" ಎಂದು ಕೂಗಿಸುವುದಿಲ್ಲ. ಈಗಿನ ಧಾರಾವಾಹಿಗಳಲ್ಲಿ ಕಥೆಗೆ ಬೇಕಾದ ಕಾಗದವೋ ತಾಳಿಯೋ ಬಂದರೆ ಕ್ಯಾಮೆರಾ ಮೂರು ಸಲ ಅದರ ಮೇಲೆ ಎರಗುತ್ತದೆ, ಹಿನ್ನೆಲೆಯಲ್ಲಿ ಸಿಡಿಲು ಬಡಿಯುತ್ತದೆ. ಮಾಲ್ಗುಡಿಯಲ್ಲಿ ಚೊಂಬು ನೀರು ಕುಡಿಯಲು ಇದೆ, ಕೊಡೆ ಬಿಸಿಲಿಗೆ ಇದೆ, ಸ್ಲೇಟು ಬರೆಯಲು ಇದೆ. ಬಳಸಿ ಸವೆದ ಸಾಮಾನು. ಈ ಸವೆತವೇ ನಮ್ಮನ್ನು ನಂಬಿಸಿತು. ನಂಬಿದ್ದರಿಂದಲೇ ನಾವು ಊರನ್ನು ಹುಡುಕಲು ಹೊರಟೆವು.

ಇನ್ನು ಮುಖ್ಯ ವಿಚಾರಕ್ಕೆ ಬರೋಣ. ನಾರಾಯಣರು ಮಾಲ್ಗುಡಿಯಲ್ಲಿಟ್ಟ ಕೆಲವು ಕಥೆಗಳು, ವಸ್ತುಗಳನ್ನು ತಪ್ಪಾಗಿ ಓದುವ ಜನರ ಬಗ್ಗೆಯೇ ಇವೆ. ಧಾರಾವಾಹಿಯ ಸಾಮಾನುಗಳಲ್ಲಿ ಗುಟ್ಟು ಹುಡುಕುವವರಿಗೆ ಉತ್ತರ ಆ ಧಾರಾವಾಹಿಯ ಒಳಗೇ ಕೂತಿದೆ!

'ಲಾಲಿ ರೋಡ್' ನೆನಪಿದೆಯೇ? ಸ್ವಾತಂತ್ರ್ಯ ಬಂದ ಹುರುಪಿನಲ್ಲಿ ಮಾಲ್ಗುಡಿಯ ಮುನಿಸಿಪಾಲಿಟಿ ಬೀದಿಗಳ ಹೆಸರನ್ನೆಲ್ಲ ಬದಲಾಯಿಸುತ್ತದೆ. ಬಳಿಕ ಸರ್ ಫ್ರೆಡರಿಕ್ ಲಾಲಿ ಎಂಬ ಆಂಗ್ಲನ ಪ್ರತಿಮೆ ಕಣ್ಣಿಗೆ ಬೀಳುತ್ತದೆ. ಇವನೊಬ್ಬ ಕ್ರೂರಿ ಎಂದು ಇತಿಹಾಸ ಕೆದಕಿ ತೀರ್ಮಾನಿಸುತ್ತಾರೆ. ಕೀಳಿಸುವ ಖರ್ಚು ಹೆಚ್ಚೆಂದು ಪ್ರತಿಮೆಯನ್ನು ಕಥೆ ಹೇಳುವ ಪತ್ರಕರ್ತನಿಗೇ ಕೊಟ್ಟುಬಿಡುತ್ತಾರೆ. ಅವನ ಪುಟ್ಟ ಮನೆಯ ಹಜಾರದಲ್ಲಿ ಲಾಲಿಯ ತಲೆ ಹೆಗಲು, ಉಳಿದ ಮೈ ಬೀದಿಯಲ್ಲಿ! ಆಮೇಲೆ ಗೊತ್ತಾಗುತ್ತದೆ, ಲಾಲಿ ಎಂಬ ಹೆಸರಿನವರು ಇಬ್ಬರಿದ್ದರು. ಇವನು ಕ್ರೂರಿಯಲ್ಲ, ಊರು ಕಟ್ಟಿದವನು, ಪ್ರವಾಹದಲ್ಲಿ ಜನರನ್ನು ಉಳಿಸಲು ಹೋಗಿ ಸತ್ತವನು. ಕೊನೆಗೆ ಆ ಮನೆಯೇ ಸ್ಮಾರಕ, ಕಬೀರ್ ಲೇನ್ ಹೋಗಿ ಲಾಲಿ ರೋಡ್.

'ದಿ ರೋಮನ್ ಇಮೇಜ್' ಇನ್ನೂ ಮೊನಚು. ಹೊಳೆಯಲ್ಲಿ ಸಿಕ್ಕ ಮೂಗು ಮುರಿದ ವಿಗ್ರಹವನ್ನು ದೊಡ್ಡ ವಿದ್ವಾಂಸರೊಬ್ಬರು ರೋಮನ್ ಶಿಲ್ಪವೆಂದು ಗುರುತಿಸುತ್ತಾರೆ. ದಕ್ಷಿಣ ಭಾರತಕ್ಕೂ ರೋಮಿಗೂ ಇದ್ದ ಸಂಬಂಧದ ಬಗ್ಗೆ ಗ್ರಂಥವೇ ಸಿದ್ಧವಾಗತೊಡಗುತ್ತದೆ. ಕಡೆಗೆ ಹಳ್ಳಿಯವನೊಬ್ಬನ ಬಾಯಿಂದ ನಿಜ ಹೊರಬರುತ್ತದೆ: ಅದು ಪಕ್ಕದ ಗುಡಿಯ ದ್ವಾರಪಾಲಕ. ಪೂಜಾರಿಯ ಕೈಯಲ್ಲಿ ಮೂಗು ಮುರಿಯಿತು, ಭಿನ್ನವಾದ ವಿಗ್ರಹ ಗುಡಿಯಲ್ಲಿರಬಾರದೆಂದು ಹೊಳೆಗೆ ಹಾಕಿದರು. ಅಷ್ಟೇ.

ಈ ಎರಡು ಕಥೆಗಳಲ್ಲಿ ನಗು ಬರುತ್ತದೆ. ತಪ್ಪು ಓದಿಗೆ ಆದ ನಷ್ಟ ಒಂದಿಷ್ಟು ಹಣ, ಒಂದಿಷ್ಟು ಮಾನ. ಮೂರನೆಯದರಲ್ಲಿ ನಗು ಬರುವುದಿಲ್ಲ. 'ಲೀಲಾಸ್ ಫ್ರೆಂಡ್' ಕಥೆಯಲ್ಲಿ ಐದು ವರ್ಷದ ಲೀಲಾಳಿಗೆ ಮನೆಗೆಲಸದ ಸಿದ್ದನೆಂದರೆ ಪ್ರಾಣ. ಒಂದು ದಿನ ಅವಳ ಕೊರಳಿನ ಚಿನ್ನದ ಸರ ಕಾಣುವುದಿಲ್ಲ. ಸಿದ್ದನನ್ನು ವಿಚಾರಿಸುತ್ತಾರೆ, ಅವನು ಓಡಿಹೋಗುತ್ತಾನೆ. ಪೊಲೀಸರನ್ನು ಕೇಳಿದರೆ, ಇವನು ಹಿಂದೆಯೂ ಕಳ್ಳತನಕ್ಕೆ ಜೈಲಿಗೆ ಹೋದವನು ಎನ್ನುತ್ತಾರೆ. ಇನ್ನೇನು ಬೇಕು? ಸಿದ್ದ ಸಿಕ್ಕಿಬೀಳುತ್ತಾನೆ. ಕೆಲವು ದಿನಗಳ ನಂತರ ತಾಯಿ ಹುಣಿಸೆಹಣ್ಣು ತೆಗೆಯಲು ಮಡಕೆಗೆ ಕೈ ಹಾಕಿದರೆ ಸರ ಅಲ್ಲಿದೆ. ಹಾಕಿದವಳು ಲೀಲಾ.

ಇಲ್ಲಿ ಗಮನಿಸಬೇಕಾದ್ದು ಇದು: ಸಿದ್ದನ ವಿರುದ್ಧ ಸಿಕ್ಕ ಸುಳಿವುಗಳು ಯಾವುವೂ ಸುಳ್ಳಲ್ಲ. ಸರ ಕಾಣೆಯಾದದ್ದು ನಿಜ, ಅವನು ಓಡಿದ್ದು ನಿಜ, ಜೈಲಿಗೆ ಹೋಗಿದ್ದದ್ದು ನಿಜ. ಸುಳಿವುಗಳೆಲ್ಲ ನಿಜ, ತೀರ್ಮಾನ ಮಾತ್ರ ಸುಳ್ಳು. "ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ" ಎಂಬ ಗಾದೆ ನಮಗೆಲ್ಲ ಗೊತ್ತು. ಬೂದುಗುಂಬಳ ಹೊತ್ತವನ ಹೆಗಲಿಗೆ ಬೂದಿ ಹತ್ತುತ್ತದೆ, ಅದೇ ಸುಳಿವು. ಆದರೆ ಹೆಗಲು ಮುಟ್ಟಿ ನೋಡಿಕೊಂಡವನೆಲ್ಲ ಕಳ್ಳನಲ್ಲ. ಹಿಂದೆ ಏಟು ತಿಂದ ಬಡವನೂ ಹೆದರಿ ಮುಟ್ಟಿ ನೋಡಿಕೊಳ್ಳುತ್ತಾನೆ. ಸಿದ್ದನ ಕಥೆ ಈ ಗಾದೆಗೆ ನಾರಾಯಣರು ಕೊಟ್ಟ ಉತ್ತರದ ಹಾಗಿದೆ. ಇನ್ನೂ ಕಹಿಯಾದದ್ದು ಮುಕ್ತಾಯ: ಸರ ಸಿಕ್ಕ ಮೇಲೂ ಮನೆಯ ಯಜಮಾನನಿಗೆ ಪಶ್ಚಾತ್ತಾಪವಿಲ್ಲ. ಹೇಗಿದ್ದರೂ ಅಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ ಎಂದು ಮಾತು ಮುಗಿಸುತ್ತಾನೆ. ಊರಿನಲ್ಲಾಗಲಿ ಇಲ್ಲಾಗಲಿ, ಮನೆಯಲ್ಲಿ ಒಂದು ಉಂಗುರ ಕಾಣದಾದರೆ ನಮ್ಮ ಕಣ್ಣು ಮೊದಲು ಯಾರ ಕಡೆ ತಿರುಗುತ್ತದೆ ಎಂದು ಒಮ್ಮೆ ಯೋಚಿಸಿ ನೋಡಬೇಕು. ಹುಣಿಸೆ ಮಡಕೆಗೆ ಕೈ ಹಾಕುವ ಮೊದಲೇ ತೀರ್ಪು ಕೊಟ್ಟಿರುತ್ತೇವೆ.

ಈ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಪಾಠ ತಾನಾಗಿ ಎದ್ದು ಬರುತ್ತದೆ. ವಸ್ತುವಿನ ಅರ್ಥ ವಸ್ತುವಿನೊಳಗೆ ಅಡಗಿ ಕೂತಿರುವುದಿಲ್ಲ. ಅದನ್ನು ಬಳಸಿದವರಲ್ಲಿ ಇರುತ್ತದೆ. ವಿಗ್ರಹದ ಅರ್ಥ ವಿದ್ವಾಂಸರ ಗ್ರಂಥದಲ್ಲಿ ಇರಲಿಲ್ಲ, ಆ ಹಳ್ಳಿಯವನ ನೆನಪಿನಲ್ಲಿತ್ತು. ಸರ ಎಲ್ಲಿ ಹೋಯಿತೆಂಬುದು ಪೊಲೀಸರ ಕಡತದಲ್ಲಿ ಇರಲಿಲ್ಲ, ಮಗುವಿಗೆ ತಿಳಿದಿತ್ತು. ನಮ್ಮ ಹಳೆಯ ಕಥೆಗಳೂ ಇದನ್ನೇ ಹೇಳುತ್ತವೆ. ಹನುಮಂತ ತಂದ ಉಂಗುರ ಅಶೋಕವನದ ರಕ್ಕಸಿಯರಿಗೆ ಬರಿಯ ಚಿನ್ನ; ಸೀತೆಗೆ ರಾಮನೇ ಬಂದ ಹಾಗೆ. ಯಕ್ಷಗಾನದಲ್ಲಿ ನಡುವೆ ಇಟ್ಟ ಒಂದು ಪೀಠ ಸಿಂಹಾಸನವೂ ಹೌದು, ರಥವೂ ಹೌದು. ಕರಾವಳಿಯ ಮಗು ಅದನ್ನು ಒಗಟೆಂದು ಬಿಡಿಸುವುದಿಲ್ಲ, ಹಿರಿಯರ ಪಕ್ಕ ಕೂತು ಕಲಿಯುತ್ತದೆ.

ನಾವಿರುವ ಊರಿನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಮತ್ರಾದ ಕಡಲ ದಂಡೆಯ ರಸ್ತೆ ಹಿಡಿದು ಹಳೆಯ ಮಸ್ಕತ್ತಿನ ಕಡೆ ಹೋಗುವಾಗ ರಿಯಾಮ್ ಪಾರ್ಕಿನ ಬೆಟ್ಟದ ಮೇಲೆ ಬಿಳಿಯ ಭಾರೀ ರಚನೆಯೊಂದು ಕಾಣುತ್ತದೆ. ಹೊಸದಾಗಿ ಬಂದವರ ಮಕ್ಕಳಿಗೆ ಅದು ಹಾರುವ ತಟ್ಟೆಯ ಹಾಗೆ ಕಂಡರೆ ಆಶ್ಚರ್ಯವಿಲ್ಲ. ಎಷ್ಟು ದಿಟ್ಟಿಸಿದರೂ ಅದರ ಗುಟ್ಟು ತಿಳಿಯದು. ಆದರೆ ಮತ್ರಾ ಸೂಕಿಗೆ ಹೋಗಿ, ಅಂಗಡಿಯವರು ಮಣ್ಣಿನ ಪುಟ್ಟ ಮಜ್ಮರ್‌ನಲ್ಲಿ ಕೆಂಡವಿಟ್ಟು ಧೋಫಾರಿನ ಲುಬಾನಿನ ಒಂದು ಹರಳು ಹಾಕುವುದನ್ನು ನೋಡಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ: ಬೆಟ್ಟದ ಮೇಲಿರುವುದು ಇದೇ, ಅತಿಥಿಗೆ ಮರ್ಯಾದೆ ಮಾಡುವ ಧೂಪದ ಪಾತ್ರೆ. ಎಣ್ಣೆ ನೀರು ಹಾಕಿದ ಮಗುವಿನ ತಲೆಗೂದಲಿಗೆ ಅಜ್ಜಿ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದದ್ದನ್ನು ಬಲ್ಲವರಿಗೆ ಇನ್ನೂ ಬೇಗ ಗೊತ್ತಾಗುತ್ತದೆ.

ಹಾಗಾದರೆ ಊಹೆ ಮಾಡುವುದೇ ತಪ್ಪೇ? ಅಲ್ಲ. ಊಹೆಗೆ ತಕ್ಕ ಜಾಗವನ್ನು ನಾರಾಯಣರೇ ಬಿಟ್ಟಿದ್ದಾರೆ. 'ಸ್ವಾಮಿ ಅಂಡ್ ಫ್ರೆಂಡ್ಸ್' ಕೊನೆಯನ್ನು ನೆನೆಸಿಕೊಳ್ಳಿ. ಮುನಿಸಿಕೊಂಡ ಗೆಳೆಯ ರಾಜಮ್ ಊರು ಬಿಟ್ಟು ಹೋಗುತ್ತಿದ್ದಾನೆ. ಸ್ವಾಮಿ ಕಾಣಿಕೆಯಾಗಿ ಒಂದು ಕಥೆಪುಸ್ತಕ ತಂದಿದ್ದಾನೆ. ಹೊರಟ ರೈಲಿನಲ್ಲಿ ಪುಸ್ತಕವೇನೋ ರಾಜಮ್‌ನ ಕೈ ಸೇರುತ್ತದೆ. ಅವನು ಕ್ಷಮಿಸಿದನೇ? ಕಾಗದ ಬರೆಯುತ್ತಾನೆಯೇ? ಮಣಿ ಹೌದೆನ್ನುತ್ತಾನೆ, ಆದರೆ ಅವನ ಮುಖ ನೋಡಿ ನಿಜವೋ ಸುಳ್ಳೋ ಸ್ವಾಮಿಗೆ ತಿಳಿಯುವುದಿಲ್ಲ. ಇದು ಊಹಿಸಲು ಯೋಗ್ಯವಾದ ಪರಿಕರ. ಇಲ್ಲಿ ಯಾರೂ ಪುಸ್ತಕದ ಎಷ್ಟನೆಯ ಪುಟ ತೆರೆದಿತ್ತು ಎಂದು ನೋಡುವುದಿಲ್ಲ. ಒಬ್ಬ ಹುಡುಗನ ಮನಸ್ಸಿನಲ್ಲಿ ಏನಿತ್ತು ಎಂದು ಯೋಚಿಸುತ್ತಾರೆ. ವಸ್ತುವನ್ನು ದಾಟಿ ಮನುಷ್ಯನ ಹತ್ತಿರ ಹೋಗುವ ಊಹೆ ಒಳ್ಳೆಯದು. ವಸ್ತುವಿನಲ್ಲೇ ಸಿಕ್ಕಿಕೊಳ್ಳುವ ಊಹೆ ಕಾಲಹರಣ. ಮನುಷ್ಯನನ್ನು ವಸ್ತುವಿನಿಂದ ಅಳೆದುಬಿಡುವ ಊಹೆ ಅನ್ಯಾಯ.

ಊರಿನ ಹುಡುಕಾಟಕ್ಕೂ ಒಂದು ವಿಚಿತ್ರ ಮುಕ್ತಾಯ ಸಿಕ್ಕಿದೆ. ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಇಲ್ಲದ ಊರಿಗೆ ಇದ್ದ ನಿಲ್ದಾಣವೊಂದು ಪರಿಕರವಾಗಿ ಹೋಯಿತು. ಈಗ ಆ ಪರಿಕರವೇ ಊರಿನ ಗುರುತು. ಹುಡುಕಿದವರಿಗೆ ಕಡೆಗೂ ಒಂದು ಮಾಲ್ಗುಡಿ ಸಿಕ್ಕಿತು ಎಂದು ಸಂತೋಷಪಡೋಣ. ಊರಿಗೆ ಹೋದಾಗ ಶಿವಮೊಗ್ಗದ ಕಡೆ ಹೋಗುವವರು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು.

ಕೊನೆಯದಾಗಿ ಇನ್ನೊಂದು ಕಥೆ. ನಮ್ಮಂಥ ಹೊರನಾಡಿನವರಿಗೆ ಇದು ಎಲ್ಲಕ್ಕಿಂತ ಹತ್ತಿರದ್ದು. 'ಎ ಹಾರ್ಸ್ ಅಂಡ್ ಟೂ ಗೋಟ್ಸ್' ಕಥೆಯಲ್ಲಿ ಬಡ ಮುದುಕ ಮುನಿ ಹಳ್ಳಿಯ ಅಂಚಿನ ಮಣ್ಣಿನ ಕುದುರೆಯ ನೆರಳಿನಲ್ಲಿ ಕೂತು ತನ್ನ ಎರಡು ಮೇಕೆಗಳನ್ನು ಕಾಯುತ್ತಿರುತ್ತಾನೆ. ಕಾರಿನಲ್ಲಿ ಬಂದ ಅಮೆರಿಕನ್ನನಿಗೆ ಆ ಕುದುರೆ ಬೇಕು. ಮುನಿಗೆ ಕುದುರೆಯ ಕಥೆಯೆಲ್ಲ ಗೊತ್ತು. ಕಲಿಯುಗದ ಕೊನೆಗೆ ಕಲ್ಕಿ ಬರುತ್ತಾನೆ, ಆಗ ಈ ಕುದುರೆಗೆ ಜೀವ ಬರುತ್ತದೆ ಎಂದು ಮನಸ್ಸು ಬಿಚ್ಚಿ ಹೇಳುತ್ತಾನೆ. ಹೇಳುವುದು ತಮಿಳಿನಲ್ಲಿ, ಕೇಳುವವನಿಗೆ ಬರುವುದು ಇಂಗ್ಲಿಷ್ ಒಂದೇ. ನೂರು ರೂಪಾಯಿ ಕೈ ಬದಲಾಗುತ್ತದೆ. ಮೇಕೆ ಮಾರಿದೆ ಎಂದುಕೊಂಡು ಮುನಿ ಮನೆಗೆ ಹೋಗುತ್ತಾನೆ, ಕುದುರೆ ಕೊಂಡೆ ಎಂದುಕೊಂಡು ಅಮೆರಿಕನ್ನ ಅದನ್ನು ಕೀಳಿಸಿ ಸಾಗಿಸುತ್ತಾನೆ. ಇಬ್ಬರೂ ಒಳ್ಳೆಯವರು, ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಕುದುರೆ ಮಾತ್ರ ಊರು ಬಿಟ್ಟಿತು, ಅದರ ಕಥೆ ಊರಿನಲ್ಲೇ ಉಳಿಯಿತು.

ನಮ್ಮ ಮನೆಗಳಲ್ಲಿ ಈ ಕಥೆ ದಿನವೂ ನಡೆಯುತ್ತಿದೆ. ರಜೆಗೆ ಊರಿಗೆ ಹೋದ ಮೊಮ್ಮಗ ಅಟ್ಟದ ಮೇಲೆ ಈಳಿಗೆಮಣೆ ನೋಡುತ್ತಾನೆ, ಒರಳುಕಲ್ಲು ನೋಡುತ್ತಾನೆ, ಸೇರು ಪಾವು ನೋಡುತ್ತಾನೆ. ಅಜ್ಜಿ ಹೇಳಲು ಸಿದ್ಧ, ಮೊಮ್ಮಗನಿಗೆ ಕೇಳುವ ಆಸೆಯೂ ಇದೆ. ನಡುವೆ ಭಾಷೆ ಇಲ್ಲ. ಅವನು ಫೋಟೋ ತೆಗೆದುಕೊಂಡು ಬರುತ್ತಾನೆ. ಕುದುರೆ ಬಂತು, ಕಥೆ ಬರಲಿಲ್ಲ. ಮಾಲ್ಗುಡಿ ಎಲ್ಲಿದೆ ಎಂದು ಯಾರೂ ಇವತ್ತು ಪತ್ತೆ ಮಾಡದಿದ್ದರೂ ನಷ್ಟವಿಲ್ಲ. ಅಜ್ಜಿಯ ಹತ್ತಿರ ಇವತ್ತು ಕೇಳದಿದ್ದರೆ ಆಗುವ ನಷ್ಟವನ್ನು ನಾಳೆ ತುಂಬಲಾಗುವುದಿಲ್ಲ.

ಆದ್ದರಿಂದ ಸದಸ್ಯ ಕುಟುಂಬಗಳಲ್ಲಿ ಒಂದು ವಿನಂತಿ. ಮುಂದಿನ ವಾರದ ರಜೆಯಲ್ಲಿ 'ಮಾಲ್ಗುಡಿ ಡೇಸ್' ಒಂದು ಕಂತನ್ನು ಮನೆಮಂದಿಯೆಲ್ಲ ಕೂತು ನೋಡಿ. ಮಕ್ಕಳು ಚಿತ್ರ ನಿಲ್ಲಿಸಿದರೆ ಬೈಯಬೇಡಿ. ನಿಲ್ಲಿಸಿದಾಗ ಕಾಣುವ ಸಾಮಾನಿನ ಹೆಸರು ಕನ್ನಡದಲ್ಲಿ ಏನು, ಅದನ್ನು ನಿಮ್ಮ ಮನೆಯಲ್ಲಿ ಯಾರು ಬಳಸುತ್ತಿದ್ದರು ಎಂದು ಹೇಳಿ. ನಿಮಗೂ ಗೊತ್ತಿಲ್ಲದಿದ್ದರೆ ಊರಿಗೆ ಫೋನು ಹಚ್ಚಿ ಕೇಳಿ, ಮಕ್ಕಳ ಬಾಯಿಂದಲೇ ಕೇಳಿಸಿ. ಸಿಕ್ಕ ಉತ್ತರಗಳನ್ನು ನಾಲ್ಕು ಸಾಲಿನಲ್ಲಿ ಬರೆದು ಸಂಪಾದಕರಿಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಎಲ್ಲರೂ ಓದಬಹುದು.